ಮುಂದಿನ ಗಾಲಿಗೆ ಕಟ್ಟಿದ ಕೆಂಪು ಬಟ್ಟೆ

ಲೂಪ್ ನದಿಯ ಬಯಲು, ನೆಬ್ರಾಸ್ಕಾ
ಮೇ ೧೧, ೧೮೭೯

ಪ್ರೀತಿಯ ಯಜಮಾನರಿಗೆ,

ನಿಮ್ಮ ಮಂಡಿನೋವು ಹೇಗಿದೆ? ಅಪ್ಪನಿಗೆ ಏಣಿ ಹತ್ತಬೇಡಿ ಎಂದರೆ ಮರವನ್ನೇ ಹತ್ತುತ್ತಾರೆ ಎಂದು ಮಗಳು ಟೆಂಪರೆನ್ಸ್ ಬರೆದಿದ್ದಳು. ಓದಿ ಮೊದಲು ಬೈದೆ, ಆಮೇಲೆ ನಕ್ಕೆ. ಓಹಾಯೋದಲ್ಲಿ ಈಗ ನಿಮ್ಮ ಸೇಬಿನ ತೋಟವೆಲ್ಲ ಹೂಬಿಟ್ಟಿರುತ್ತದೆ. ಮಾವನವರು ಬಾವಿಯ ಪಕ್ಕ ನೆಟ್ಟ ಮರ ಈ ಸಲವೂ ಎಲ್ಲಕ್ಕಿಂತ ಮೊದಲು ಅರಳಿತೇ? ರಾತ್ರಿ ಕಾಲಿಗೆ ಬಿಸಿ ಇಟ್ಟಿಗೆ ಇಟ್ಟುಕೊಳ್ಳಿ. ಹೇಳಿದರೆ ಕೇಳುವವರಲ್ಲ, ಆದರೂ ಹೇಳಿದ್ದೇನೆ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹುಲ್ಲಿನ ಬೇರು ಸಮೇತ ಕಡಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಮಗ ಅಸಹೆಲ್ ಕಟ್ಟಿದ ಮನೆ ಚಳಿಗಾಲವನ್ನು ಗಟ್ಟಿಯಾಗಿ ತಡೆಯಿತು. ಈಗ ಮಾಡಿನ ಮೇಲೆ ಕಾಡುಗುಲಾಬಿ ಅರಳಿದೆ. ಸೊಸೆ ಲೊವೀನಾ ಅದನ್ನು ನೋಡಿ, "ಅತ್ತೇ, ಓಹಾಯೋದ ಶ್ರೀಮಂತರಿಗೂ ತಲೆ ಮೇಲೆ ತೋಟ ಇಲ್ಲ ಬಿಡಿ" ಎಂದು ಬೀಗುತ್ತಾಳೆ. ನೇಗಿಲಿಗೆ ಆಗಾಗ ಇಲ್ಲಿ ಮೊದಲಿದ್ದ ಪಾನೀ ಬುಡಕಟ್ಟಿನವರ ಕಲ್ಲಿನ ಬಾಣದ ಮೊನೆಗಳು ಸಿಗುತ್ತವೆ. ಅವರನ್ನು ಇಲ್ಲಿಂದ ದಕ್ಷಿಣಕ್ಕೆ ಅಟ್ಟಿ ಹೆಚ್ಚು ವರ್ಷವಾಗಿಲ್ಲ. ಮೊಮ್ಮಗಳು ಒರಿಲ್ಲಾ ಅವನ್ನು ಕಿಟಕಿಯಲ್ಲಿ ಜೋಡಿಸಿಡುತ್ತಾಳೆ. ಆ ಕಡೆ ಕಣ್ಣು ಹೋದಾಗ, ಮನೆಯವರಿಲ್ಲದ ಮನೆಯಲ್ಲಿ ಉಣ್ಣಲು ಕೂತಂತೆ ನನಗೆ ಮುಜುಗರವಾಗುತ್ತದೆ.

ಇನ್ನು ನಗುವ ವಿಷಯ. ಮನೆ ನಮ್ಮ ಜಮೀನಿನಲ್ಲಿಲ್ಲ! ಹೌದು, ಸರಿಯಾಗಿಯೇ ಓದಿದಿರಿ. ಹೋದ ವರ್ಷ ಇಲ್ಲಿಗೆ ಬಂದಾಗ, ಸರ್ಕಾರದವರು ನೆಟ್ಟ ಮೂಲೆಗಲ್ಲಿನಿಂದ ಬಂಡಿಯ ಗಾಲಿ ಎಷ್ಟು ಸುತ್ತು ಉರುಳಿದರೆ ನಮ್ಮ ಗಡಿ ಸಿಗುತ್ತದೆ ಎಂದು ನೆರೆಯ ಸ್ವೀಡನ್ನಿನವನು, ಹೋಕನ್, ಲೆಕ್ಕ ಹೇಳಿದ್ದ. ಗಾಲಿಗೆ ಕೆಂಪು ಬಟ್ಟೆ ಕಟ್ಟಿ, ಅದು ಮೇಲೆ ಬಂದಾಗಲೆಲ್ಲ ಎಣಿಸುವುದು ಇಲ್ಲಿಯ ಪದ್ಧತಿ. ಎಣಿಸುವ ಕೆಲಸ ನನ್ನದು. ಮಡಿಲಲ್ಲಿ ನನ್ನ ಬೆಣ್ಣೆಯ ಪೀಪಾಯಿ ಇತ್ತಲ್ಲ, ದಾರಿಯುದ್ದಕ್ಕೂ ಯಾರಿಗೂ ಮುಟ್ಟಲು ಬಿಡದೆ ತಂದದ್ದು. ಅದನ್ನು ಇಟ್ಟುಕೊಂಡು ಹಿಂದಕ್ಕೆ ತಿರುಗಲಾಗುತ್ತಿರಲಿಲ್ಲ. ಹಾಗಾಗಿ ಅಸಹೆಲ್ ಬಟ್ಟೆಯನ್ನು ನನಗೆ ಕಾಣುವ ಮುಂದಿನ ಗಾಲಿಗೆ ಕಟ್ಟಿದ. ಹೋಕನ್ ಹೇಳಿದ್ದು ಹಿಂದಿನ ಗಾಲಿಯ ಲೆಕ್ಕ. ಮುಂದಿನದು ಚಿಕ್ಕದು! ನಾವು ಗಡಿ ಮುಟ್ಟುವ ಮೊದಲೇ "ಬಂತು ಬಂತು" ಎಂದು ಕುಣಿದು, ಅಲ್ಲೇ ಮನೆ ಕಟ್ಟಿ ಬಾವಿಯನ್ನೂ ತೋಡಿದೆವು. ಈ ವಸಂತದಲ್ಲಿ ಹೋಕನ್ ಬಂದು ಅಳೆದು, ಬಂಡಿಯ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ಅಸಹೆಲ್ ಮೂರು ದಿನ ಅವನ ಜೊತೆ ಮಾತು ಬಿಟ್ಟಿದ್ದ.

ಉತ್ತ ನೆಲ ಬಹುಮಟ್ಟಿಗೆ ನಮ್ಮದರಲ್ಲೇ ಇದೆ. ಆದರೆ ಮನೆ, ಬಾವಿ, ಕೈತೋಟ ಇರುವ ಪಕ್ಕದ ತುಂಡು ಇನ್ನೂ ಯಾರ ಹೆಸರಿಗೂ ಆಗಿಲ್ಲ. ಯಾರು ಮೊದಲು ಹೋಗಿ ಹೆಸರು ಬರೆಸುತ್ತಾರೋ ಅವರಿಗೆ ನಮ್ಮ ಬಾವಿಯ ನೀರೂ ಸೇರಿ ಹೋಗುತ್ತದೆ. ಸರ್ಕಾರ ಕೊಡುವುದು ಒಬ್ಬರಿಗೆ ಒಂದೇ ತುಂಡು. ಅಸಹೆಲ್ ತನ್ನದನ್ನು ಪಡೆದಾಗಿದೆ, ಅವನಿಗೆ ಇನ್ನೊಂದಿಲ್ಲ. ನಾನೇ ಬರೆಸುತ್ತೇನೆಂದು ಜಮೀನು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತ ಬಹಳ ಮರ್ಯಾದೆಯಿಂದ, "ತಾವು ವಿಧವೆಯೇನಮ್ಮಾ?" ಎಂದ. "ಇಲ್ಲಪ್ಪ, ಗಂಡ ಗುಂಡುಕಲ್ಲಿನ ಹಾಗಿದ್ದಾರೆ" ಎಂದೆ. "ಹಾಗಾದ್ರೆ ಅವ್ರೇ ಬರ್ಬೇಕು ತಾಯಿ" ಎಂದು ಪುಸ್ತಕ ಮುಚ್ಚಿದ. ನೀವು ಬದುಕಿರುವುದರಿಂದ ನನಗೆ ಎಷ್ಟು ನಷ್ಟ ನೋಡಿ!

ಹೋದ ವಾರ ಒಬ್ಬ ಜಮೀನು ಹುಡುಕುವವನು ಬಂದೇ ಬಿಟ್ಟ. ಹೊಳೆಯುವ ಬೂಟು, ಹೊಸ ಹ್ಯಾಟು. ಬಾವಿಯೊಳಗೆ ಇಣುಕಿ, ನೀರು ಕುಡಿದು ನೋಡಿ, "ಈ ಜಾಗ ಯಾರ ಹೆಸರಲ್ಲಿದೆ?" ಎಂದು ಕೇಳಿದ. ನಾನು ಬಾವಿಯ ಹಗ್ಗವನ್ನು ಸುಮ್ಮನೆ ಸುತ್ತತೊಡಗಿದೆ. ಲೊವೀನಾ ಮಾತ್ರ, "ಮೊದ್ಲು ಊಟ, ಆಮೇಲೆ ಮಾತು" ಎಂದು ಒಳಗೆ ಕೂರಿಸಿ ಹುರುಳಿಕಾಯಿಯ ಬೀಜ, ಜೋಳದ ರೊಟ್ಟಿ ಬಡಿಸಿದಳು. ಅವನು ಎರಡು ತುತ್ತು ತಿಂದಿರಬಹುದು, ಮಾಡಿನ ಹುಲ್ಲಿನಿಂದ ಒಂದು ಹಾವು ನೇರ ಅವನ ತಟ್ಟೆಗೆ ಬಿತ್ತು. ವಿಷದ್ದಲ್ಲ, ಇಲ್ಲಿ ಇಲಿ ಹಿಡಿದುಕೊಂಡಿರುವ ಜಾತಿ. ಲೊವೀನಾ ಅದನ್ನು ಇಕ್ಕಳದಲ್ಲಿ ಎತ್ತಿ ಹೊರಗೆ ಬಿಟ್ಟು, "ಹೆದರ್ಬೇಡಿ, ಇದು ಚಿಕ್ಕದು. ದೊಡ್ಡದು ಸಂಜೆಗೆ ಬೀಳುತ್ತೆ" ಎಂದಳು. ಆತ ಹ್ಯಾಟು ಬಿಟ್ಟು ಓಡಿದ. ಮಾಡಿನ ಕೆಳಗೆ ಬಟ್ಟೆ ಕಟ್ಟುತ್ತೇನೆ ಎಂದು ವರ್ಷದಿಂದ ಹೇಳುತ್ತಿದ್ದ ಅಸಹೆಲ್‌ಗೆ, ಸದ್ಯ ಬೇಡವೇ ಬೇಡ ಎಂದಿದ್ದೇನೆ. ಆದರೆ ಬರುವವರೆಲ್ಲ ಹಾವಿಗೆ ಹೆದರುವವರೇ ಆಗಿರುವುದಿಲ್ಲವಲ್ಲ.

ನಾನು ಬನ್ನಿ ಎಂದು ಕೇಳುವುದಿಲ್ಲ. ಹೋದ ವರ್ಷ ಕೇಳಿ ಕೇಳಿ ಬಾಯಿ ನೋಯಿಸಿಕೊಂಡೆ. ಬಂಡಿ ಹೊರಟಾಗ ಬೇಲಿಗೆ ಒರಗಿ ನಿಂತು, "ನನ್ನ ಮರ ಎಲ್ಲಿಗೆ ಬರುತ್ತೋ ಅಲ್ಲಿಗೆ ನಾನೂ ಬರ್ತೀನಿ ಕಣೇ, ಹೋಗು" ಎಂದು ನಕ್ಕಿರಿ. ನಾನೂ ನಕ್ಕೆ, ಆದರೆ ಮಿಸಿಸಿಪ್ಪಿ ದಾಟುವವರೆಗೂ ಅತ್ತೆ. ಇಲ್ಲಿ ನನಗೆ ಎಲ್ಲವೂ ಇಷ್ಟ. ಗಾಳಿ, ಬಯಲು, ಸಂಜೆ ಹೋಕನ್ ನುಡಿಸುವ ಪಿಟೀಲು. ನೀವೊಬ್ಬರು ಇಲ್ಲ, ಅಷ್ಟೇ. ಬೈಯುವುದಕ್ಕೂ ಯಾರೂ ಸಿಗುವುದಿಲ್ಲ.

ಟೆಂಪರೆನ್ಸ್‌ಗೂ ಅವಳ ಮಕ್ಕಳಿಗೂ ನನ್ನ ಮುತ್ತುಗಳು. ಒರಿಲ್ಲಾ ತಾತನಿಗೊಂದು ಬಾಣದ ಮೊನೆ ಎತ್ತಿಟ್ಟಿದ್ದಾಳೆ. ದೇವರು ನಿಮ್ಮ ಮಂಡಿಯನ್ನು ಕಾಯಲಿ, ಹಟವನ್ನು ಸ್ವಲ್ಪ ಇಳಿಸಲಿ.

ನಿಮ್ಮ
ಕೆಜಾಯಾ

ಮರೆತಿದ್ದೆ: ಹೋಕನ್ ಪೇಟೆಗೆ ಹೊರಟು ಬಾಗಿಲಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ಪೀಪಾಯಿಯಲ್ಲಿ ಬೆಣ್ಣೆ ಇರಲಿಲ್ಲ. ಮಾವನವರ ಮರದ ಕಡ್ಡಿಗಳನ್ನು ನಿಮ್ಮ ಸಸಿಗಳ ಬೇರಿನ ತುಂಡುಗಳಿಗೆ ಕಸಿ ಮಾಡಿ, ನೀವು ಮಾಡುವ ಹಾಗೆಯೇ ಮೇಣದ ದಾರ ಸುತ್ತಿ, ಒದ್ದೆ ಮರದ ಪುಡಿಯಲ್ಲಿ ಹುದುಗಿಸಿ ತಂದಿದ್ದೆ. ಅವು ಬದುಕಿದವೆಂದು ಖಾತ್ರಿಯಾಗುವವರೆಗೆ ನಿಮಗೆ ಬರೆಯಕೂಡದೆಂದು ಎಲ್ಲರಿಂದ ಆಣೆ ಹಾಕಿಸಿಕೊಂಡಿದ್ದೆ. ಬಾವಿಯ ಪಕ್ಕ ನೆಟ್ಟದ್ದರಲ್ಲಿ ಎರಡು ಸಸಿಗಳು ಚಳಿಗಾಲ ದಾಟಿ, ಈಗ ಮೈತುಂಬ ಎಲೆಬಿಟ್ಟಿವೆ. ನಿಮ್ಮ ಮರ ಬಂದಾಯಿತು, ಯಜಮಾನರೇ. ರೆಂಬೆ ಎಲ್ಲಿ ಸವರಬೇಕೋ ನಮಗ್ಯಾರಿಗೂ ಗೊತ್ತಿಲ್ಲ. ಅಸಹೆಲ್ "ಅದೇನು ಮಹಾ, ನಾನೇ ಸವರ್ತೀನಿ" ಎಂದು ಕತ್ತರಿ ಹುಡುಕುತ್ತಿದ್ದಾನೆ.