ತೊಳೆಯದೆ ಮೊಹರು ಒತ್ತಿದ ಬಂದೂಕು

ಮಾನ್ಯ ಆಯುಧ ಪರವಾನಗಿ ಅಧಿಕಾರಿಗಳೇ,

ಬುಕ್ಕಾಪಟ್ಟಣದ ಕಡೆಯ ಒಂದು ಹಟ್ಟಿಯಲ್ಲಿ ಕುರಿ ಸಾಕಿಕೊಂಡಿರುವ ಕ್ಯಾತಮ್ಮ ಎಂಬುವರ ಬಂದೂಕನ್ನು ನಿಮ್ಮ ಆದೇಶದ ಮೇಲೆ ಜಪ್ತಿ ಮಾಡಿ ಇವತ್ತಿಗೆ ಐವತ್ತೆರಡು ದಿನ. ಜಪ್ತಿ ಮಾಡಿದ್ದರ ಬಗ್ಗೆಯೂ ನನ್ನ ತಕರಾರು ಇದೆ, ಅದು ಆಮೇಲೆ. ಮೊದಲ ತಕರಾರು ಏನೆಂದರೆ, ಅದನ್ನು ಒಮ್ಮೆ ಹಾರಿಸಿ ನೋಡಿದಿರಿ. ಹಾರಿಸಿದ ಮೇಲೆ ತೊಳೆಯದೆ, ಬಟ್ಟೆ ಸುತ್ತಿ, ಅರಗಿನ ಮೊಹರು ಒತ್ತಿ, ಕತ್ತಲೆ ಕೋಣೆಯಲ್ಲಿ ಇಟ್ಟಿರಿ. ಕಪ್ಪು ಮದ್ದು ಉರಿದ ನಳಿಗೆಯನ್ನು ಅದೇ ದಿನ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಇಲ್ಲದಿದ್ದರೆ ಒಳಗೆ ಕೂತ ಮಸಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನತೊಡಗುತ್ತದೆ. ನಿಮ್ಮ ಕಚೇರಿಗೆ ಎರಡನೇ ಶನಿವಾರ ರಜೆ ಇರುತ್ತದೆ. ತುಕ್ಕು ಶನಿವಾರವೂ ಕೆಲಸ ಮಾಡುತ್ತದೆ, ಭಾನುವಾರವೂ ಮಾಡುತ್ತದೆ.

ಇದನ್ನೆಲ್ಲ ಹೇಳಲು ನೀನ್ಯಾರು ಎಂದು ಕೇಳುತ್ತೀರಿ. ಮಧುಗಿರಿಯಲ್ಲಿ ಬಂದೂಕು ದುರಸ್ತಿಗೆ ಪರವಾನಗಿ ಇರುವವನು ನಾನು. ಆ ಪರವಾನಗಿಯ ಮೇಲಿರುವುದೂ ನಿಮ್ಮ ಕಚೇರಿಯ ಮೊಹರೇ. ವರ್ಷಕ್ಕೆ ನಾಲ್ಕೈದು ಬಂದೂಕು ಬಂದರೆ ಹೆಚ್ಚು. ಉಳಿದ ದಿನಗಳಲ್ಲಿ ಮಿಕ್ಸಿ, ಫ್ಯಾನು, ಔಷಧಿ ಸಿಂಪಡಿಸುವ ಪಂಪು. ಹೋದ ವರ್ಷ ಕ್ಯಾತಮ್ಮ ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ ಲೈಸೆನ್ಸ್ ಪುಸ್ತಕವನ್ನೂ ತಂದು ನನ್ನ ಮೇಜಿನ ಮೇಲಿಟ್ಟು, "ರಂಗಣ್ಣ, ಇದು ಮೂರು ಸಲಕ್ಕೆ ಒಂದ್ಸಲ ಹೊಡೀತೈತೆ. ಎಲ್ಡು ಸಲ ತೋಳ ನಗಾಡ್ಕೊಂಡು ಹೋಯ್ತವೆ. ಏನಾರಾ ಮಾಡಪ್ಪ" ಅಂದರು.

ಚೀಲ ಬಿಚ್ಚಿದವನೇ ಮೇಜಿನ ಮೇಲಿದ್ದ ಮಿಕ್ಸಿಗಳನ್ನೆಲ್ಲ ಪಕ್ಕಕ್ಕೆ ಸರಿಸಿದೆ. ನೂರೆಪ್ಪತ್ತು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಬೇಟೆಗೆಂದೇ ಮಾಡಿದ ರೈಫಲ್ ಅದು. ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಹಿಂದೆ ಕಿಡಿ ಹೊತ್ತಿಸುವ ಕೇಪು ಇಟ್ಟು ಹಾರಿಸುವ ಕಾಲದ್ದು. ಕ್ಯಾತಮ್ಮನ ಗಂಡ ಯತ್ತಪ್ಪನ ತಾತನಿಗೆ ಯಾವನೋ ದೊರೆ ಬಿಟ್ಟುಹೋದದ್ದಂತೆ. ಮರದ ಹಿಡಿ ಸೀಳಿತ್ತು. ಸೀಳಿದ್ದನ್ನು ಹಿಂದಿನ ಕಾಲದ ಯಾರೋ ಕಮ್ಮಾರ ಎರಡು ಬೆರಳಗಲದ ಹಿತ್ತಾಳೆ ಪಟ್ಟಿಯಿಂದ ನಳಿಗೆಯ ಸಮೇತ ಸುತ್ತಿ ಬಿಗಿದಿದ್ದ. ನಳಿಗೆಯೊಳಗಿನ ಸುರುಳಿ ಗೆರೆಗಳಲ್ಲಿ ತಲೆಮಾರುಗಳ ಸೀಸ ಮೆತ್ತಿಕೊಂಡಿತ್ತು.

ನಾಲ್ಕು ತಿಂಗಳು ಕೆಲಸ ಮಾಡಿದೆ. ಪಟ್ಟಿ ಬಿಚ್ಚಿದೆ, ಸೀಳಿಗೆ ಹಳೆ ಮರವನ್ನೇ ಹುಡುಕಿ ಕೂರಿಸಿದೆ, ಗೆರೆಗಳೊಳಗಿನ ಸೀಸವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆರೆದು ತೆಗೆದೆ, ಕೇಪು ಕೂರುವ ಸಣ್ಣ ತಿರುಪನ್ನು ಲೇಥಿನಲ್ಲಿ ಹೊಸದಾಗಿ ಮಾಡಿದೆ. ಆಮೇಲೆ ಪೊಲೀಸರ ಅನುಮತಿ ಪಡೆದು ಪಾಳುಬಿದ್ದ ಕಲ್ಲು ಕ್ವಾರಿಗೆ ಹೋದೆವು. ಸೀಸದ ಗುಂಡಿಗೆ ಎಣ್ಣೆಬಟ್ಟೆ ಸುತ್ತಿ, ಕೋಲಿನಿಂದ ಮದ್ದಿನ ಮೇಲೆ ಕೂರಿಸಿ, ಎಂಬತ್ತು ಹೆಜ್ಜೆ ದೂರದ ಹಲಗೆಗೆ ನಾನೇ ಹಾರಿಸಿದೆ. ನಡುಮಧ್ಯಕ್ಕೆ ಬಿತ್ತು. ಅರವತ್ತಮೂರು ವರ್ಷದ ನಾನು ಅಲ್ಲೇ ಕುಣಿದೆ. ಕ್ಯಾತಮ್ಮ ಗುಂಡು ಹಾಕುವವರಲ್ಲ, ಅವರದು ಯಾವಾಗಲೂ ಬರೀ ಮದ್ದು. ತೋಳ ಹೆದರಿ ಓಡಿದರೆ ಸಾಕು, ಸಾಯುವುದು ಬೇಡ. ಅವರೂ ಒಂದು ಸಲ ಹಾರಿಸಿ, "ನಮ್ಮೆಜಮಾನ್ರು ಕೆಮ್ಮಿದಂಗೈತೆ ಕಣಪ್ಪ" ಅಂದರು. ಯತ್ತಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು.

ಇನ್ನು ನನ್ನ ಅಪರಾಧಕ್ಕೆ ಬರುತ್ತೇನೆ. ಲೈಸೆನ್ಸ್ ಪುಸ್ತಕದಲ್ಲಿ ಬಂದೂಕಿನ ನಂಬರು 317 ಎಂದಿದೆ. ಹಿತ್ತಾಳೆ ಪಟ್ಟಿ ಬಿಚ್ಚಿದಾಗ ಅದರ ಅಡಿಯಲ್ಲಿ ನಳಿಗೆಯ ಮೇಲೆ ಕೆತ್ತಿದ ಇನ್ನೊಂದು ಅಂಕಿ ಕಂಡಿತು. ಪೂರ್ತಿ ನಂಬರು 3174. ಹಿಂದೆ ಪುಸ್ತಕ ಬರೆದವರು ಕಣ್ಣಿಗೆ ಕಂಡಷ್ಟು ಬರೆದಿದ್ದಾರೆ, ಅವರದೇನೂ ತಪ್ಪಿಲ್ಲ. ನಾನೂ ಕಣ್ಣಿಗೆ ಕಂಡಷ್ಟನ್ನೇ ದುರಸ್ತಿ ರಸೀದಿಯಲ್ಲಿ ಬರೆದೆ. ಹೊಸ ಅಂಕಿಯನ್ನು ಪುಸ್ತಕದಲ್ಲಿ ಸೇರಿಸಿಕೊಡುತ್ತಾರೆ, ಹೋಗಿ ಬರೋಣ ಎಂದು ಕ್ಯಾತಮ್ಮನನ್ನು ನಿಮ್ಮ ಕಚೇರಿಗೆ ಕರೆದುಕೊಂಡು ಬಂದವನೂ ನಾನೇ. ನಿಮ್ಮ ಗುಮಾಸ್ತರು ಪುಸ್ತಕ ನೋಡಿದರು, ರಸೀದಿ ನೋಡಿದರು.

"ಇದು ಬೇರೆ ಗನ್ನು."

"ಅದೇ ಸಾರ್. ಪಟ್ಟಿ ಅಡಿಯಲ್ಲಿ ನಾಲ್ಕು ಅಂತ ಇತ್ತು."

"ಪಟ್ಟಿ ಅಡಿಯಲ್ಲಿತ್ತು ಅಂತ ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ?"

ಎರಡು ವಾರಕ್ಕೆ ನೋಟೀಸು ಬಂತು. ಪರವಾನಗಿ ಇಲ್ಲದ 3174ನೇ ನಂಬರಿನ ಬಂದೂಕನ್ನು ಇಟ್ಟುಕೊಂಡಿದ್ದೇಕೆ ಎಂಬುದು ಒಂದು ಪ್ರಶ್ನೆ. ಪರವಾನಗಿ ಪಡೆದ 317ನೇ ನಂಬರಿನ ಬಂದೂಕನ್ನು ಎಲ್ಲಿ ಬಚ್ಚಿಟ್ಟಿದ್ದೀರಿ, ಕೂಡಲೇ ಹಾಜರುಪಡಿಸಿ ಎಂಬುದು ಎರಡನೆಯದು. ಮಾನ್ಯರೇ, ಕ್ಯಾತಮ್ಮನ ಹತ್ತಿರ ಒಂದೇ ಬಂದೂಕು ಇರುವುದು. ಅದನ್ನು ನೀವು ತೆಗೆದುಕೊಂಡಿರಿ. ಇಲ್ಲದ ಇನ್ನೊಂದನ್ನು ಅವರು ಎಲ್ಲಿಂದ ತರಬೇಕು? ನಾನು ಹಿತ್ತಾಳೆ ಪಟ್ಟಿಯನ್ನೇ ತಂದು ನಿಮ್ಮ ಮೇಜಿನ ಮೇಲಿಟ್ಟೆ. ಅದರ ಒಳಮೈಯಲ್ಲಿ ನಾಲ್ಕರ ಅಂಕಿಯ ಅಚ್ಚು ಕಣ್ಣಿಗೆ ಹೊಡೆಯುವಂತಿದೆ. ಅದು ದಾಖಲೆಯಲ್ಲ ಎಂದಿರಿ. ನಿಜ, ಅದರ ಮೇಲೆ ಯಾರ ಸಹಿಯೂ ಇಲ್ಲ. ಬಿಗಿದ ಕಮ್ಮಾರ ಮೂರು ಪ್ರತಿ ತೆಗೆದು ಒಂದನ್ನು ನಿಮ್ಮ ಕಚೇರಿಗೆ ಕಳಿಸಬೇಕಿತ್ತು, ಪಾಪ ಅವನಿಗೆ ತಿಳಿಯಲಿಲ್ಲ.

ಆಮೇಲೆ ಪರಿಶೀಲನೆ. ಬಂದೂಕು ನಿಜವಾಗಿ ಹಾರುತ್ತದೋ ಇಲ್ಲವೋ ನೋಡಲೇಬೇಕಂತೆ. ಬಂದ ಪರೀಕ್ಷಕರು ಸಭ್ಯರು. ಬಂದೂಕನ್ನು ಹಿಂದುಮುಂದು ತಿರುಗಿಸಿ ನೋಡಿ, ಮೆಲ್ಲಗೆ ನನ್ನನ್ನೇ ಕೇಳಿದರು: "ಬುಲೆಟ್ ಎಲ್ಲಿಂದ ಹಾಕ್ತಾರೆ?" ಮುಂದಿನಿಂದ ಎಂದೆ. ನಂಬಲಿಲ್ಲ. ಕೊನೆಗೆ ಅವರ ಎದುರೇ ನಾನು ಮದ್ದು ತುಂಬಿ ಕೊಟ್ಟೆ, ಅವರು ಆಕಾಶಕ್ಕೆ ಹಾರಿಸಿದರು, ಕೆಮ್ಮಿದರು, ಹಾರುತ್ತದೆ ಎಂದು ಬರೆದುಕೊಂಡರು. ಆ ವರದಿಗೂ ನಿಮ್ಮ ಕಚೇರಿ ಆಕ್ಷೇಪಣೆ ಹಾಕಿತು: ಹಾರಿಸಿದ ಖಾಲಿ ತೋಟಾ ಲಗತ್ತಿಸಿಲ್ಲ! ಈ ಬಂದೂಕಿಗೆ ತೋಟಾ ಎಂಬುದೇ ಇಲ್ಲ ಸ್ವಾಮಿ. ಹಾರಿಸಿದ ಮೇಲೆ ಉಳಿಯುವುದು ಹೊಗೆ ಮಾತ್ರ. ಅದನ್ನು ಲಕೋಟೆಗೆ ತುಂಬಿ ಅಂಟಿಸಿ ಕಳಿಸುವ ವಿದ್ಯೆ ನನಗೆ ಬರುವುದಿಲ್ಲ.

ಅವತ್ತು ನಾನು ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದೆ. ಎಣ್ಣೆ, ಬಟ್ಟೆ ಎಲ್ಲ ಚೀಲದಲ್ಲಿತ್ತು. ಅರ್ಧ ಗಂಟೆ ಕೊಡಿ, ನಿಮ್ಮ ಕಣ್ಣೆದುರಿಗೇ ತೊಳೆದುಕೊಡುತ್ತೇನೆ ಎಂದು ಕೈಮುಗಿದೆ. ತೊಳೆದರೆ ಸಾಕ್ಷ್ಯ ನಾಶವಾಗುತ್ತದೆ ಎಂಬ ಉತ್ತರ ಬಂತು. ತೊಳೆಯದಿದ್ದರೆ ಸಾಕ್ಷ್ಯವೇ ನಾಶವಾಗುತ್ತದಲ್ಲ ಎಂದೆ. ಅಷ್ಟರಲ್ಲಿ ಅರಗು ಕರಗಿಸಿ ಮೊಹರು ಒತ್ತಿಯಾಗಿತ್ತು. ವಿಚಾರಣೆಯ ದಿನಾಂಕ ಇಲ್ಲಿಯವರೆಗೆ ಮೂರು ಸಲ ಮುಂದೆ ಹೋಗಿದೆ. ಒಂದು ಸಲ ನೀವು ಸಭೆಯಲ್ಲಿದ್ದಿರಿ, ಒಂದು ಸಲ ಸರ್ವರ್ ಇರಲಿಲ್ಲ, ಇನ್ನೊಂದು ಸಲ ಯಾಕೆಂದು ಯಾರೂ ಹೇಳಲಿಲ್ಲ. ಮೂರನೇ ಸಲ ಹೊರಗೆ ಬರುವಾಗ ನಿಮ್ಮ ಗುಮಾಸ್ತರು ಮರುಕದಿಂದಲೇ ಹೇಳಿದರು: "ಆ ಪಟ್ಟಿ ಬಿಚ್ಚದೆ ಇದ್ದಿದ್ರೆ ಏನೂ ತಾಪತ್ರಯ ಇರ್ತಿರಲಿಲ್ಲ ನೋಡಿ." ಆ ಮಾತು ಆಗಿನಿಂದ ನನ್ನನ್ನು ಕೊರೆಯುತ್ತಿದೆ. ಸೀಳಿದ ಬಂದೂಕು ಕ್ಯಾತಮ್ಮನ ಕೈಯಲ್ಲಿತ್ತು. ಸರಿಹೋದ ಬಂದೂಕು ನಿಮ್ಮ ಕೋಣೆಯಲ್ಲಿದೆ. ನಡುವೆ ಕೈ ಹಾಕಿದವನು ನಾನು.

ಮುಸ್ಸಂಜೆ ತೋಳದ ಸದ್ದಾದರೆ ಕ್ಯಾತಮ್ಮ ಈಗ ಸ್ಟೀಲ್ ತಟ್ಟೆ ಬಡಿಯುತ್ತಾರೆ. ಈ ಐವತ್ತೆರಡು ದಿನದಲ್ಲಿ ಐದು ಮರಿ ಹೋಗಿವೆ. ಆದರೆ ಅವರು ನನ್ನ ಅಂಗಡಿಗೆ ಬಂದಾಗ ಮರಿಗಳ ಮಾತೆತ್ತುವುದಿಲ್ಲ. ಲೈಸೆನ್ಸ್ ಯಾವಾಗ, ಬಂದೂಕು ಯಾವಾಗ ಎಂದೂ ಕೇಳುವುದಿಲ್ಲ. ಯತ್ತಪ್ಪ ಹಾರಿಸಿದ ದಿನವೆಲ್ಲ ಒಲೆಯ ಮೇಲೆ ನೀರು ಕಾಯಿಸಿ ಆ ನಳಿಗೆ ತೊಳೆದುಕೊಡುತ್ತಿದ್ದವರು ಅವರು. ಹಾಗಾಗಿ ಕೇಳುವುದು ಒಂದೇ ಮಾತು: "ತೊಳುದ್ರೇನಪ್ಪ ಅದ್ನ?"

ನಾನು ಹೂಂ ಅಂದೆ. ಮೊದಲ ಸಲ ಹೇಳಿದ ಮೇಲೆ ಎರಡನೇ ಸಲವೂ ಹೂಂ ಅನ್ನಬೇಕಾಯಿತು, ಮೂರನೇ ಸಲವೂ ಅಂದೆ. ಸಾಹೇಬರೇ ಮುಂದೆ ನಿಂತು ತೊಳೆಸಿದರು ಕಣಮ್ಮ ಎಂದು ನಿಮ್ಮ ಹೆಸರಿಗೂ ಒಂದಿಷ್ಟು ಒಳ್ಳೆಯದು ಸೇರಿಸಿದೆ. "ಒಳ್ಳೇ ಮನುಸ ಬುಡು" ಎಂದು ಅವರು ನಿಮ್ಮನ್ನು ಹರಸಿದ್ದಾರೆ. ನಿಮಗೆ ತಿಳಿದಿರಲಿ.

ವಿಚಾರಣೆಯನ್ನು ಇನ್ನೂ ಹತ್ತು ಸಲ ಮುಂದೂಡಿ. 317 ಬೇರೆ, 3174 ಬೇರೆ ಎಂದೇ ತೀರ್ಪು ಬರೆಯಿರಿ. ಅದರ ಮೇಲೆ ಮೇಲ್ಮನವಿ ಹಾಕಿಕೊಳ್ಳುತ್ತೇವೆ. ನನ್ನ ಬೇಡಿಕೆ ಒಂದೇ: ನಾಳೆಯೇ ಆ ಮೊಹರು ಒಡೆಸಿ, ಎಷ್ಟು ಜನ ಸಾಕ್ಷಿ ಬೇಕೋ ಅಷ್ಟು ಜನರನ್ನು ನಿಲ್ಲಿಸಿ, ನನಗೆ ಅರ್ಧ ಗಂಟೆ ಕೊಡಿ. ನೀರು ನಾನೇ ಕಾಯಿಸಿ ತರುತ್ತೇನೆ. ತೊಳೆದ ಮೇಲೆ ಮತ್ತೆ ಮೊಹರು ಹಾಕಿ, ಬೇಕಾದರೆ ಎರಡು ಹಾಕಿ. ಕ್ಯಾತಮ್ಮನಿಗೆ ಓದಲು ಬರುವುದಿಲ್ಲ. ಆದರೆ ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ; ಅದರಲ್ಲಿ ಅವರ ಹೆಸರು ಬಂದಿದೆ ಎಂದು ಹಟ್ಟಿಗೆ ತಿಳಿದ ತಕ್ಷಣ ಮೊಮ್ಮಗಳು ರಕ್ಷಾ ಇದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ. ಬರುವ ಸೋಮವಾರ ಅವರು ನನ್ನ ಅಂಗಡಿ ಮೆಟ್ಟಿಲು ಹತ್ತಿ ಅದೇ ಪ್ರಶ್ನೆ ಕೇಳುತ್ತಾರೆ. ಈ ಸಲ ನನ್ನ ಹೂಂ ನಿಜವಾಗುವಂತೆ ಮಾಡಿ.

ಇಂತಿ,
ನಿಮ್ಮ ಮಾನವನ್ನು ಮೂರು ಸಲ ಸುಳ್ಳು ಹೇಳಿ ಕಾಪಾಡಿದ
ರಂಗರಾಜು
ಬಂದೂಕು, ಮಿಕ್ಸಿ, ಫ್ಯಾನು ದುರಸ್ತಿ, ಮಧುಗಿರಿ