ಅಡ್ಡ ಹಲಗೆ

ದೊಡ್ಡಪ್ಪ,

ಜೋಗುಪಾಳ್ಯದ ನಿಮ್ಮ ಹಿತ್ತಲಿನ ಜೇನುಹುಳುಗಳು ಇವತ್ತು ಬೆಳಿಗ್ಗೆ ಪೆಟ್ಟಿಗೆ ಬಿಟ್ಟು ಹಾರಿಹೋದವು. ಎರಿಗಳ ತುಂಬ ಮೇಣ ತಿನ್ನುವ ಪತಂಗದ ಮರಿಹುಳು.

ಚಿಕ್ಕ ಪೆಟ್ಟಿಗೆಯೆಂದರೆ ಸೆರೆಮನೆ ಎಂದು ಕರಪತ್ರ ಓದಿ ವಾದಿಸಿ, ದೊಡ್ಡದನ್ನು ತಂದವಳು ನಾನು.

"ನಮ್ಮ ತುಡುವೆ ಹುಳ ಪುಟ್ಟದಮ್ಮ. ಗಂಡ-ಹೆಂಡ್ತಿ ಇಬ್ರಿಗೆ ಛತ್ರ ಯಾಕೆ?" ಎಂದು ನಕ್ಕಿರಿ. ನಾನು ನಿಮ್ಮನ್ನು ಜೈಲರ್ ಎಂದೆ. ನೀವು ಪೆಟ್ಟಿಗೆಯೊಳಗೆ ಅಡ್ಡಲಾಗಿ ಒಂದು ಹಲಗೆ ನಿಲ್ಲಿಸಿ ಜಾಗವನ್ನು ಅರ್ಧ ಮಾಡಿದಿರಿ. ಎರಡು ವರ್ಷ ಹುಳುಗಳು ನೆಮ್ಮದಿಯಾಗಿದ್ದವು. ಅದು ದೊಡ್ಡ ಪೆಟ್ಟಿಗೆಯ ಗೆಲುವೆಂದು ಎಲ್ಲರಿಗೂ ಹೇಳಿಕೊಂಡೆ.

ನಿಮ್ಮ ತಿಥಿಯ ಮಾರನೆಯ ದಿನ, ಇನ್ನಾದರೂ ಅವು ಸ್ವತಂತ್ರವಾಗಿರಲಿ ಎಂದು ಹಲಗೆ ತೆಗೆದೆ. ಅಷ್ಟು ಜಾಗವನ್ನು ಪತಂಗದಿಂದ ಕಾಯಲು ಜೇನುಹುಳುಗಳು ಸಾಲಲಿಲ್ಲ.

ಈಗ ಹಲಗೆಯನ್ನು ತೊಳೆದು ಖಾಲಿ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದೇನೆ. ನೀವು ಎಳೆದಿದ್ದ ಪೆನ್ಸಿಲ್ ಗೆರೆಯ ಮೇಲೆ ಸರಿಯಾಗಿ ಕೂತಿದೆ.

ಬೃಂದಾ