ತಾನೇ ಹೋಗುವ ತಟ್ಟೆ

ಕೆಂಪಾಪುರ, ಹೆಬ್ಬಾಳ ಅಂಚೆ
೧೫-೫-೧೯೬೧, ಸೋಮವಾರ

ಪ್ರೀತಿಯ ಸೊಸೆ ಮುನಿಕೃಷ್ಣಮ್ಮನಿಗೆ,

ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ಕೆಮ್ಮು ಹೇಗಿದೆ? ಮೈಸೂರಿನ ಹಾಸ್ಟೆಲಿನಲ್ಲಿ ಎರಡು ಹೊತ್ತೂ ಅನ್ನವೇ ಎಂದು ಬರೆದಿದ್ದೆ. ಮುದ್ದೆಯಿಲ್ಲದೆ ಗಂಟೆಗಟ್ಟಲೆ ನಿಂತು ಹೆರಿಗೆ ಮಾಡಿಸಲು ಮೈಯಲ್ಲಿ ಕಸುವು ಎಲ್ಲಿಂದ ಬರಬೇಕು? ಪಕ್ಕದ ಮನೆಯ ಕನೀಜ್ ಮುಂದಿನ ವಾರ ತಂಗಿಯನ್ನು ನೋಡಲು ಅಲ್ಲಿಗೆ ಬರುತ್ತಾಳೆ, ಅವಳ ಕೈಲಿ ಹುರಿಹಿಟ್ಟು ಕಳಿಸುತ್ತೇನೆ. ನನ್ನ ಮಂಡಿನೋವು ಇದ್ದೇ ಇದೆ, ಅದನ್ನು ಬರೆದು ಮಸಿ ಯಾಕೆ ದಂಡ ಮಾಡಲಿ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಕಲಿಸಿದವಳು ನೀನೇ.

'ಹೊಟ್ಟೆಗಿಲ್ಲದೆ ಸಾಯ್ತಾ ಇದೀವಿ, ಬಂದ್ಬುಡಮ್ಮಾ' ಎಂದು ದೊಡ್ಡವನು ಕದಿರಪ್ಪ ಬರೆದ ಕಾಗದ ನೋಡಿ, ನರ್ಸ್ ತರಬೇತಿ ಬಿಟ್ಟು ಶುಕ್ರವಾರ ಬರುತ್ತೇನೆಂದು ನೀನು ಬರೆದದ್ದು ಮೊನ್ನೆ ಕೈ ಸೇರಿತು. ಬರಬೇಡ. ಇನ್ನು ನಾಲ್ಕೇ ತಿಂಗಳು. ನನ್ನ ಮಗ ಮುನಿವೆಂಕಟಯ್ಯ ಕಣ್ಣು ಮುಚ್ಚಿ ಮೂರು ವರ್ಷವಾಯಿತು, ಈ ಮನೆಗೆ ಇನ್ನು ನಿನ್ನ ಕೆಲಸವೇ ದಿಕ್ಕು. ಈಗ ಬಿಟ್ಟರೆ ಮತ್ತೆ ಸೇರಿಸಿಕೊಳ್ಳುವುದಿಲ್ಲವೆಂದು ನೀನೇ ಹೇಳಿದ್ದೆ. ಯಾರಿಗಾಗಿ ಬಿಡುತ್ತೀಯ? ಈ ಎರಡು ಮುತ್ತುಗಳಿಗಾಗಿಯೇ? ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಹೆಗ್ಗಣವಾದರೂ ತನ್ನ ಬಿಲ ತಾನು ತೋಡುತ್ತದೆ ಕಣೇ.

ಹೇಳಿಕೊಳ್ಳಲೂ ಅಸಹ್ಯ. ಉಂಡು, ಕೂತಲ್ಲೇ ತಟ್ಟೆಯಲ್ಲಿ ಕೈ ತೊಳೆದು, ಮುದ್ದೆ ಚೂರು, ಮೂಳೆ ಎಲ್ಲ ತೇಲುವ ಆ ಕೊಳೆನೀರನ್ನು ಅಲ್ಲೇ ಬಿಟ್ಟು, ಮೀಸೆ ಒರೆಸಿಕೊಂಡು ಎದ್ದು ಹೋಗುತ್ತಾರೆ. ಮೀಸೆಯಂತೆ ಮೀಸೆ, ನಾಲ್ಕು ಕೂದಲು! ಒಂದು ದಿನ ರೋಸಿಹೋಗಿ ನಾನೂ ಎತ್ತಲಿಲ್ಲ. ಮಾರನೇ ದಿನ ಅಟ್ಟದ ಹಿತ್ತಾಳೆ ತಟ್ಟೆ ಇಳಿಸಿಕೊಂಡು ಉಂಡರು. ಅದರ ಮಾರನೇ ದಿನ ಹಿತ್ತಿಲಲ್ಲಿ ಬಾಳೆಲೆ ಕೊಯ್ದುಕೊಂಡರು. ಮೂಲೆಯ ತಟ್ಟೆಗಳಲ್ಲಿ ಹುಳ ಮಿಜಿಗುಡುತ್ತಿದ್ದವು, ಪಕ್ಕದಲ್ಲೇ ಕೂತು ಉಂಡರು ಕಣಮ್ಮಾ! ಕೇಳಿದರೆ ಕಿರಿಯವನು ಬ್ಯಾಟರಾಯಪ್ಪ, "ಅಮ್ಮ ಇದ್ದಾಗ ತಟ್ಟೆ ತಾನೇ ಓಯ್ತಿತ್ತು ಕಣಜ್ಜಿ" ಅಂದ. ತಾನೇ ಹೋಗುತ್ತಿತ್ತಂತೆ! ಥೂ! ಹದಿನೈದು ವರ್ಷ ತಟ್ಟೆಗೆ ಕಾಲಿತ್ತು ಅಂದುಕೊಂಡಿದ್ದಾನೆ, ಆ ಕಾಲು ನಿನ್ನದೆಂದು ಅವನಿಗೆ ಗೊತ್ತೇ ಇಲ್ಲ. ನೀನು ಹೆರಿಗೆಯ ನೆತ್ತರು ಮುಟ್ಟುತ್ತೀಯೆಂದು ಊರಿನ ಹೆಂಗಸರು ಮೂಗು ಮುಚ್ಚಿಕೊಳ್ಳುತ್ತಾರೆ. ಬಂದು ಈ ಮೂಲೆ ನೋಡಲಿ ಅವರು.

ದೊಡ್ಡವನ ಕಥೆ ಕೇಳು. ಜುಲೈಗೆ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಕಲಿಯಲು ಹೋಗಬೇಕು, ರೂಮು ಮಾಡಿ ಬೇಯಿಸಿಕೊಳ್ಳಬೇಕು. ಹದಿನೇಳು ತುಂಬಿದ ಗಂಡಸು, ಮುದ್ದೆ ಮಾಡೋ ಎಂದರೆ ತಣ್ಣೀರಿಗೆ ಹಿಟ್ಟು ಸುರಿದು ಕೂತಿದ್ದ! ಆದದ್ದನ್ನು ನಾಯಿ ಮೂಸಿ ನೋಡಿ ಹೋಯಿತು. ಅವನ ಮಂಚದ ಕೆಳಗೆ ಕೋಲು ಹಾಕಿ ಎಳೆದರೆ ಆರು ಚಡ್ಡಿ, ಬೂಸ್ಟು ಹಿಡಿದು ಹಸಿರಾಗಿದ್ದವು. ಶನಿವಾರ ಅವನ ತಲೆ ಮೇಲೇ ಹೊರಿಸಿ ಕೆರೆಗೆ ಕರೆದೊಯ್ದು ಅವನ ಕೈಯಲ್ಲೇ ಒಗೆಸಿದೆ. ಗೆಳೆಯರು ಕಂಡಾರೆಂದು ಮುಖಕ್ಕೆ ಟವೆಲ್ ಸುತ್ತಿಕೊಂಡು ಒಗೆದ. ಆಚೆ ಕಲ್ಲಿನ ಮೇಲಿದ್ದ ಅಂಜಿನಮ್ಮ, "ಗಂಡುಡ್ಗನ ಕೈಲಿ ಇಂಗಾ ಮಾಡ್ಸಾದು?" ಅಂದಳು. ಊ ಕಣಮ್ಮಾ, ಇಂಗೇ ಮಾಡ್ಸಾದು ಅಂದೆ. ಹಿಂಡುವಾಗ ಅವನು ಮೆಲ್ಲಗೆ, "ಅಮ್ಮ ದಿನಾ ನಮ್ಮೆಲ್ರುದೂ ಇಂಡ್ತಿತ್ತಲ್ಲಜ್ಜಿ, ಕೈ ನೋಯ್ತಿರ್ಲಿಲ್ವಾ?" ಎಂದು ಕೇಳಿದ. ಅವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ನಿನ್ನೆಯಿಂದ ಇಬ್ಬರೂ ತಟ್ಟೆ ತೊಳೆಯುತ್ತಿದ್ದಾರೆ, ಹರಳೆಣ್ಣೆ ಕುಡಿದವರ ಹಾಗೆ ಮುಖ ಮಾಡಿಕೊಂಡು. ಮಾಡಿಕೊಳ್ಳಲಿ. ಇವತ್ತಿನ ಮುದ್ದೆಯಲ್ಲಿ ಗಂಟು ನಾಲ್ಕೇ ಇದ್ದವು. ನೀನು ಬಂದು ಸೆರಗು ಸಿಕ್ಕಿಸಿದರೆ ಇಷ್ಟೂ ನೀರಲ್ಲಿ ಹೋಮ. ಕದಿರಪ್ಪನನ್ನು ಕಟ್ಟಿಕೊಳ್ಳುವ ಪಾಪದ ಹುಡುಗಿ ಎಲ್ಲೋ ಹುಟ್ಟಿದ್ದಾಳೆ, ಅವಳ ಶಾಪ ನಮಗೆ ತಟ್ಟುವುದು ಬೇಡ.

ಮೈ ಕಡೆ ನಿಗಾ ಇರಲಿ. ಜೊತೆಗೆ ಓದುವ ಹೆಣ್ಣುಮಕ್ಕಳಿಗೆಲ್ಲ ಈ ಮುದುಕಿ ಕೇಳಿದಳೆಂದು ಹೇಳು. ಸಪ್ಪಲಮ್ಮ ತಾಯಿ ನಿನ್ನ ಕೈಗುಣ ಕಾಯಲಿ.

ಇಂತಿ, ನಿನ್ನ ಅತ್ತೆ
ದೊಡ್ಡಮುನಿಯಮ್ಮ

ತಾ.ಕ.: ಅಂಚೆಯ ಚಿಕ್ಕಮಾರಯ್ಯ ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕದಿರಪ್ಪನ ಮೇಲೆ ಸಿಟ್ಟಾಗಬೇಡ. ಬಂದ್ಬುಡಮ್ಮಾ ಎಂಬ ಆ ಕಾಗದ ಹೇಳಿ ಬರೆಸಿದವಳು ನಾನು. ಅವನು ಬೇಡ ಅಜ್ಜಿ, ಅಮ್ಮ ಓದು ಮುಗಿಸಲಿ ಅಂದ. ಗದರಿಸಿ ಬರೆಸಿದೆ. ನನ್ನ ಹೆಸರಲ್ಲಿ ಹೋದರೆ ಅತ್ತೆ ಕಾಟವೆಂದು ಸುಮ್ಮನಾಗುತ್ತೀಯ, ಮಗನ ಹೆಸರಲ್ಲಿ ಹೋದರೆ ಕರುಳು ತಡೆಯದೆ ಓಡಿ ಬರುತ್ತೀಯ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎಂಜಲೆತ್ತಿ ನನಗೆ ಸಾಕಾಗಿತ್ತು, ಎತ್ತಲು ನೀನು ಬೇಕಾಗಿದ್ದೆ, ಅಷ್ಟೇ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ. ಬಸ್ಸು ಹತ್ತಬೇಡ ಕಣಮ್ಮಾ.